ಸಿಪಿಯು ಹಣೆಯ ವಿಭೂತಿ

ಕಂಪ್ಯೂಟರ್ ಕೆಟ್ಟಿದೆ ಎಂದು ಫೋನ್ ಮಾಡುವವರೆಲ್ಲ ಮೊದಲು ಹೇಳುವುದು ಒಂದೇ ಮಾತು: "ನಾವೇನೂ ಮಾಡ್ಲಿಲ್ಲ ಸಾ, ತಾನೇ ನಿಂತೋಯ್ತು." ನಂಜನಗೂಡಿನ ಪೇಟೆಯ ಒಂದು ಸಂದಿಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು, ಈ ಮಾತು ಹೇಳದ ಗಿರಾಕಿಯನ್ನು ನಾನು ಕಂಡಿಲ್ಲ. ಕೀಬೋರ್ಡಿನ ಸಂದಿಯಿಂದ ಕಾಫಿ ತೊಟ್ಟಿಕ್ಕುತ್ತಿದ್ದರೂ ಅದು ತಾನೇ ನಿಂತಿರುತ್ತದೆ. ಆಯುಧಪೂಜೆಯ ದಿನ ಅದರ ಮೇಲೆಯೇ ಕಾಯಿ ಒಡೆದು ನೀರನ್ನೆಲ್ಲ ಒಳಗಿಳಿಸಿದವರ ಮನೆಯಲ್ಲೂ ತಾನೇ ನಿಂತಿರುತ್ತದೆ. ಹೋಗಿ ಮುಚ್ಚಳ ಬಿಚ್ಚಿದರೆ ಎಲ್ಲವೂ ಗೊತ್ತಾಗುತ್ತದೆ. ಆಗ ಅವರ ಮುಖ ನೋಡಿಕೊಂಡು ನಗುವುದು ನನಗೆ ಸಿಗುವ ಒಂದು ಸಣ್ಣ ಸುಖ. ನಾನು ಅಷ್ಟೇನೂ ಒಳ್ಳೆಯ ಸ್ವಭಾವದವನಲ್ಲ.

ಏನು ಕೆಟ್ಟಿದೆ ಎಂದು ಪತ್ತೆ ಹಚ್ಚುವುದರಲ್ಲಿ ಮಾತ್ರ ನನಗೆ ಜಂಬ ಇದೆ. ಇವತ್ತಿನ ಹುಡುಗರು ಬಂದವರೇ ಬೋರ್ಡ್ ಹೋಗಿದೆ, ಹೊಸದು ಹಾಕಿ ಅಂದುಬಿಡುತ್ತಾರೆ. ನಾನು ಹಾಗಲ್ಲ. ಬಟನ್ ಒತ್ತಿದರೆ ಏನೂ ಆಗುವುದಿಲ್ಲವೇ? ಮೊದಲು ಗೋಡೆಯ ಪ್ಲಗ್ಗು ನೋಡುತ್ತೇನೆ, ಎಷ್ಟೋ ಕೇಸು ಅಲ್ಲೇ ಮುಗಿದುಹೋಗುತ್ತದೆ. ಆಮೇಲೆ ಒಳಗೆ ಕರೆಂಟು ಹಂಚುವ ಡಬ್ಬಿ. ಅದರ ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಪೇಪರ್ ಕ್ಲಿಪ್ಪು ಸಿಕ್ಕಿಸಿದರೆ ಫ್ಯಾನು ತಿರುಗಬೇಕು. ತಿರುಗಿಯೂ ಪರದೆ ಕಪ್ಪಗೇ ಇದ್ದರೆ ರ‍್ಯಾಮ್ ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ ಮತ್ತೆ ಕೂರಿಸುತ್ತೇನೆ. ದಿನಾಂಕ ಹಿಂದಕ್ಕೆ ಹೋಗಿದ್ದರೆ ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿದೆ ಎಂದರ್ಥ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಮತ್ತೆ, ಮುಚ್ಚಳ ಬಿಚ್ಚುವ ಮೊದಲು ಬಳಸುವವರನ್ನು ಕೂರಿಸಿಕೊಂಡು ಕೇಳಬೇಕು, ಬಯ್ಯದೆ ಕೇಳಬೇಕು. ಹೆದರಿದವರು ಸರಿಯಾದ ಉತ್ತರ ಕೊಡುವುದಿಲ್ಲ.

ಇಷ್ಟೆಲ್ಲ ತಿಳಿದವನು ನಾನು. ಇವತ್ತು ಬರೆಯಲು ಕೂತಿರುವ ವಿಷಯದಲ್ಲಿ ಏನು ಕೆಟ್ಟಿತ್ತು ಎಂಬುದನ್ನು ಕಾಲು ಗಂಟೆಯಲ್ಲಿ ಪತ್ತೆ ಮಾಡಿದ್ದೆ. ಸುಳ್ಳು ಹೇಳಿದ್ದೂ ನಾನೇ.

ನಂಜನಗೂಡಿನಿಂದ ನರಸೀಪುರದ ಕಡೆಗೆ ಹೋಗುವಾಗ, ಚಿಕ್ಕಯ್ಯನಛತ್ರ ದಾಟಿದ ಮೇಲೆ ದಾರಿಯಿಂದ ಸ್ವಲ್ಪ ಒಳಕ್ಕೆ ಒಂದು ಊರು. ಹೆಸರು ಬೇಡ. ಅಲ್ಲೊಂದು ಹೈಸ್ಕೂಲು. ಅದನ್ನು ನಡೆಸುತ್ತಿದ್ದ ಟ್ರಸ್ಟಿಗೆ ನರಸೀಪುರದಲ್ಲಿ ಒಂದು ಕಾಲೇಜೂ ನಂಜನಗೂಡಿನಲ್ಲಿ ಒಂದು ಹಾಸ್ಟೆಲ್ಲೂ ಇದ್ದವು. ಮೂರೂ ಕಡೆಯ ಕಂಪ್ಯೂಟರುಗಳು ನನ್ನ ಕೈಯಲ್ಲಿ. ಟ್ರಸ್ಟಿನ ಕಾರ್ಯದರ್ಶಿ ಅಕ್ಕಿ ಗಿರಣಿ ಇಟ್ಟಿದ್ದ ಹಿರಿಯರು, ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದೆವು. ಒಳ್ಳೆಯ ಮನುಷ್ಯ. ಇದನ್ನು ಚುಚ್ಚಿ ಹೇಳುತ್ತಿಲ್ಲ. ನಾನು ಐಟಿಐ ಮುಗಿಸಿ ಕೆಲಸವಿಲ್ಲದೆ ಬಸ್ ಸ್ಟ್ಯಾಂಡಿನ ಕಟ್ಟೆ ಸವೆಸುತ್ತಿದ್ದ ಕಾಲದಲ್ಲಿ "ಇವನ ಕೈಗೇ ಕೊಡಿ, ಮಾಡ್ತಾನೆ" ಎಂದು ಮೊದಲ ಕಂಪ್ಯೂಟರನ್ನು ನನ್ನ ಮುಂದೆ ಇಡಿಸಿದವರು ಅವರೇ. ನಾನು ಅದನ್ನು ಸರಿಮಾಡಿದ ದಿನ ನನ್ನ ಬೆನ್ನು ತಟ್ಟಿ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದ್ದರು.

ಯಜಮಾನ್ರದು ಸೋಮವಾರದ ಒಂದು ಪದ್ಧತಿ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ನೇರ ಶಾಲೆಯ ಆಫೀಸಿಗೆ ಬರುತ್ತಿದ್ದರು. ಬಟ್ಟೆಯ ಚೀಲದಲ್ಲಿ ವಿಭೂತಿಯ ಗಟ್ಟಿ. ಬೀರುವಿಗೆ ಮೂರು ಬೆರಳು, ಮೇಜಿಗೆ ಮೂರು ಬೆರಳು, ಹೊರಗೆ ತೂಗುಹಾಕಿದ್ದ ಗಂಟೆಗೆ ಮೂರು ಬೆರಳು, ಕೊನೆಗೆ ಕಂಪ್ಯೂಟರಿಗೆ. ನಮ್ಮ ಕಡೆ ಕ್ಯಾಬಿನೆಟ್ಟು ಅಂದರೆ ಯಾರಿಗೂ ತಿಳಿಯುವುದಿಲ್ಲ, ಇಡೀ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತಾರೆ. ಆ ಸಿಪಿಯುವನ್ನು ಮೇಜಿನ ಮೇಲೆ, ಅದರ ಪಕ್ಕದ ತಗಡು ಬಾಗಿಲಿಗೆ ಕಾಣುವ ಹಾಗೆ ತಿರುಗಿಸಿ ಇಟ್ಟಿದ್ದರು. ತಗಡಿನ ಮೇಲ್ಭಾಗದಲ್ಲಿ ಅಂಗೈಯಗಲದ ಜಾಲರಿ, ಸಣ್ಣ ಸಣ್ಣ ತೂತು. ಅದೇ ಸಿಪಿಯುವಿನ ಹಣೆ ಎಂದು ಯಜಮಾನ್ರು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದರು. ಮೊದಮೊದಲು ವಿಭೂತಿಯನ್ನು ನೀರಿನಲ್ಲಿ ಕಲಸಿ ಹಚ್ಚುತ್ತಿದ್ದರು. ಒಂದು ಸಲ ನಾನೇ ನೋಡಿ, "ಯಜಮಾನ್ರೇ, ನೀರು ಒಳಗೆ ಹೋದ್ರೆ ಮಿಷನ್ ಸುಟ್ಟೋಗುತ್ತೆ" ಎಂದೆ. ಅವತ್ತಿನಿಂದ ಒಣ ವಿಭೂತಿಯನ್ನೇ ಒತ್ತಿ ಒತ್ತಿ ಉಜ್ಜತೊಡಗಿದರು. ಉದುರಿದ್ದನ್ನು ಅಂಗೈಯಿಂದ ಇನ್ನೊಮ್ಮೆ ಸವರುತ್ತಿದ್ದರು. ಜಾಲರಿಯ ಹಿಂದೆ ನಾಲ್ಕು ಬೆರಳು ದೂರದಲ್ಲಿ ಪ್ರೊಸೆಸರಿನ ಫ್ಯಾನು. ಹೊರಗಿನ ತಣ್ಣನೆಯ ಗಾಳಿ ಎಳೆದುಕೊಳ್ಳಲಿ ಎಂದೇ ತಗಡಿಗೆ ಅಲ್ಲಿ ತೂತು ಹೊಡೆದಿರುವುದು. ಇದು ಆಗ ನನಗೆ ಹೊಳೆಯಬೇಕಿತ್ತು. ನಾನೂ ಹಣೆಗೆ ವಿಭೂತಿ ಹಚ್ಚುವ ಮನೆಯವನೇ. ಎಷ್ಟೋ ಸೋಮವಾರ ಅಲ್ಲೇ ನಿಂತು ಕೈಮುಗಿದಿದ್ದೇನೆ.

ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಒಬ್ಬಳು ಹುಡುಗಿ ಇದ್ದಳು. ಬಿಕಾಂ ಓದಿದವಳು, ನರಸೀಪುರದ ಆಚೆಯ ಹಳ್ಳಿ, ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಕೆಲಸ ತಾತ್ಕಾಲಿಕ. ಮುಂದಿನ ವರ್ಷ ಗಟ್ಟಿ ಮಾಡುತ್ತೇವೆ ಎಂದು ಯಜಮಾನ್ರು ಬಾಯಿಮಾತಿನಲ್ಲಿ ಹೇಳಿದ್ದರು, ಅವರು ಹೇಳಿದರೆ ಮಾಡುವವರೇ. ಆ ಕೆಲಸದ ಮೇಲೆ ಅವಳು ಜೀವ ಇಟ್ಟುಕೊಂಡಿದ್ದಳು. "ಇದೊಂದು ಪರ್ಮನೆಂಟ್ ಆಗ್ಬುಟ್ರೆ ಮನೇಲಿ ಯಾರೂ ನನ್ನ ಬಗ್ಗೆ ಮಾತಾಡಂಗಿಲ್ಲ ಸಾ" ಎಂದು ಒಂದು ದಿನ ತಾನಾಗಿ ಹೇಳಿದ್ದಳು. ಮನೆಯಲ್ಲಿ ಏನು ಮಾತಾಡುತ್ತಿದ್ದರು ಎಂದು ನಾನು ಕೇಳಲಿಲ್ಲ. ಬಿಕಾಂ ಓದಿಸಿ ದಂಡವಾಯಿತು ಎನ್ನುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ವಿಚಾರಿಸುವ ಅಗತ್ಯ ಇರಲಿಲ್ಲ.

ನಾನು ಮುಚ್ಚಳ ಬಿಚ್ಚಿದಾಗಲೆಲ್ಲ ಅವಳು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬರುತ್ತಿದ್ದಳು. ಇದೇನು ಸಾ, ಅದ್ಯಾಕೆ ಸಾ, ಈ ತಂತಿ ಕಿತ್ತಾಕಿದ್ರೆ ಏನಾಯ್ತದೆ ಸಾ. ನನಗೆ ಕೋಪ ಬೇಗ, ಬೇರೆ ಯಾರಾದರೂ ಹೀಗೆ ಕೊರೆದಿದ್ದರೆ ಗದರಿಸುತ್ತಿದ್ದೆ. ಅವಳು ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುತ್ತಿರಲಿಲ್ಲ, ಅದಕ್ಕೇ ಹೇಳುತ್ತಿದ್ದೆ. ಹೇಳಿಸಿಕೊಳ್ಳುವವರು ಸಿಕ್ಕಿದರೆ ನನ್ನಂಥವನಿಗೂ ಖುಷಿಯಾಗುತ್ತದೆ.

ಆ ವರ್ಷ ಬೇಸಿಗೆ ಬೇಗ ಬಂತು. ಹತ್ತನೇ ಕ್ಲಾಸಿನ ಮಕ್ಕಳ ಅಂಕಗಳನ್ನು ಆನ್‌ಲೈನಿನಲ್ಲಿ ತುಂಬುವ ಸಮಯ. ಅಷ್ಟು ಹೊತ್ತಿಗೆ ಕಂಪ್ಯೂಟರು ಕೈಕೊಡಲು ಶುರುಮಾಡಿತು. ಅರ್ಧ ಗಂಟೆ ಕೆಲಸ ಮಾಡಿದರೆ ಟಪ್ಪೆಂದು ಆಫ್. ತುಂಬಿದ್ದೆಲ್ಲ ಹೋಯಿತು. ಮತ್ತೆ ಮೊದಲಿಂದ. ಬೆಳಗಿನ ಹೊತ್ತು ಗುಮಾಸ್ತರು ಬಂದು ಒಂದೋ ಎರಡೋ ಪತ್ರ ಟೈಪು ಮಾಡಿ ಎದ್ದುಹೋಗುತ್ತಿದ್ದರು, ಅವರಿಗೆ ಏನೂ ಆಗುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಕೂರುತ್ತಿದ್ದವಳು ಅವಳು. ಹಾಗಾಗಿ ಆ ಹುಡುಗಿ ಕೈಯಿಟ್ಟರೆ ನಿಲ್ಲುತ್ತದೆ ಎಂದು ಒಂದು ವಾರದಲ್ಲಿ ಶಾಲೆಯೆಲ್ಲ ಮಾತಾಯಿತು. ಕೊನೆಯ ದಿನ ಮುಗಿದುಹೋಗಿ, ಇನ್ನೆರಡು ದಿನ ಕೊಡಿ ಎಂದು ಯಜಮಾನ್ರು ತಾವೇ ಇಲಾಖೆಯ ಕಚೇರಿಗೆ ಹೋಗಿ ಕೈಕಟ್ಟಿ ನಿಲ್ಲಬೇಕಾಯಿತು. ಅವರ ವಯಸ್ಸಿಗೆ ಅದು ದೊಡ್ಡ ಅವಮಾನ. ನಡುವಿನ ಒಂದು ರಜಾ ದಿನ ಕಳೆದು ನನಗೆ ಫೋನ್ ಬಂತು. ಅವತ್ತು ಸೋಮವಾರ.

ನಾನು ಹೋದಾಗ ಅವಳನ್ನು ಹೊರಗೆ ಜಗಲಿಯ ಬೆಂಚಿನ ಮೇಲೆ ಕೂರಿಸಿದ್ದರು. ನಾನು ನೋಡಿ ಮುಗಿಸುವವರೆಗೂ ಒಳಗೆ ಬರಬಾರದು ಎಂದು ಗುಮಾಸ್ತರ ಅಪ್ಪಣೆ.

"ಯಾವಾಗ ನಿಲ್ಲುತ್ತೆ?" ಎಂದು ಗುಮಾಸ್ತರನ್ನು ಕೇಳಿದೆ.

"ಅವ್ಳು ಕೂತಾಗ" ಎಂದರು ಅವರು.

ಈ ಉತ್ತರ ಇಟ್ಟುಕೊಂಡು ಏನು ಮಾಡುವುದು? ಹೊರಗೆ ಹೋಗಿ ಅವಳನ್ನೇ ಕೇಳಿದೆ. ಅವಳು ಎದ್ದು ನಿಂತು ಹೇಳಿದಳು: "ಮಧ್ಯಾನದೊತ್ತು ಸಾ. ಅರ್ಧ ಗಂಟೆ ಆದ್ಮೇಲೆ ಒಳಗಡೆ ಫ್ಯಾನು ಜೋರಾಗಿ ಕಿರುಚ್ಕತದೆ. ಆಮ್ಯಾಕೆ ನಿಂತೋಯ್ತದೆ. ತಗಡು ಮುಟ್ಟಿದ್ರೆ ಬಿಸಿ. ಸ್ವಲ್ಪೊತ್ತು ಬುಟ್ರೆ ಮತ್ತೆ ಆನಾಯ್ತದೆ."

ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಸಂಬಳ ತೆಗೆದುಕೊಂಡು ಓಡಾಡುವ ಎಷ್ಟೋ ಮೆಕ್ಯಾನಿಕ್ಕುಗಳಿಗೆ ಇಷ್ಟು ಗಮನ ಇರುವುದಿಲ್ಲ. ಬಿಸಿಗೆ ನಿಲ್ಲುತ್ತಿದೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಪ್ರೊಸೆಸರು ಒಂದು ಮಟ್ಟಕ್ಕಿಂತ ಹೆಚ್ಚು ಕಾದರೆ ಸುಟ್ಟುಹೋಗಬಾರದೆಂದು ಮಿಷನ್ನು ತಾನಾಗಿ ಆಫ್ ಆಗುತ್ತದೆ. ಇನ್ನು ಯಾಕೆ ಕಾಯುತ್ತಿದೆ ಎಂದು ನೋಡುವುದಷ್ಟೇ ಉಳಿದದ್ದು.

ಗುಮಾಸ್ತರು ಕಾಫಿಗೆ ಹೋದರು. ನಾನೊಬ್ಬನೇ ತಗಡು ಬಿಚ್ಚಿದೆ. ಫ್ಯಾನು ಕಳಚಿದೆ. ಅದರ ಕೆಳಗೆ ಶಾಖ ಹೊರಕ್ಕೆ ಹಾಕುವ ಅಲ್ಯೂಮಿನಿಯಂ ಪಟ್ಟಿಗಳು ಸಾಲಾಗಿ ನಿಂತಿರಬೇಕು, ಒಂದೊಂದರ ನಡುವೆಯೂ ಗಾಳಿ ಆಡಬೇಕು. ನನಗೆ ಒಂದು ಸಂದೂ ಕಾಣಲಿಲ್ಲ. ಹಳೇ ಗೋಡೆಗೆ ಹೊಡೆದ ಸುಣ್ಣದ ಹಾಗೆ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು. ಬೆರಳಿನಿಂದ ಒತ್ತಿದೆ, ಪುಡಿಯಾಯಿತು. ಮೂಸಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ಮೂಸಿದೆ. ವಿಭೂತಿ. ಎಷ್ಟೋ ವರ್ಷದ ಸೋಮವಾರಗಳೆಲ್ಲ ಅಲ್ಲಿದ್ದವು.

ಮೇಜಿನ ಮೇಲೆ ಒಂದು ಹಳೇ ಪೇಪರು ಹಾಸಿ, ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು, ಬ್ರಷ್ ಹಾಕಿ ಎಲ್ಲ ತೆಗೆದೆ. ಒಂದು ಮುಷ್ಟಿಯ ಮೇಲಾಯಿತು. ಶಾಖ ದಾಟಿಸುವ ಪೇಸ್ಟು ಹಚ್ಚಿ ಫ್ಯಾನು ಕೂರಿಸಿ ಆನ್ ಮಾಡಿದೆ. ಶಾಖ ಎಷ್ಟಿದೆ ಎಂದು ಒಳಗಿನ ಸೆಟ್ಟಿಂಗಿನಲ್ಲಿ ನೋಡಿದೆ, ಎಷ್ಟಿರಬೇಕೋ ಅಷ್ಟಕ್ಕೆ ಇಳಿದಿತ್ತು. ಫ್ಯಾನಿನ ಸದ್ದೇ ಇಲ್ಲ. ಕೆಲಸ ಮುಗಿಯಿತು. ಆ ಪೇಪರನ್ನು ಪೊಟ್ಟಣ ಕಟ್ಟಿ ನನ್ನ ಬ್ಯಾಗಿನೊಳಗೆ ಇಟ್ಟುಕೊಂಡೆ. ವಿಭೂತಿಯನ್ನು ಕಸದ ಬುಟ್ಟಿಗೆ ಹಾಕಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆ. ಅದು ಯಾರ ಕಣ್ಣಿಗೂ ಬೀಳುವುದು ನನಗೆ ಬೇಕಿರಲಿಲ್ಲ.

ಯಜಮಾನ್ರು ಬಂದರು, ಕೈಯಲ್ಲಿ ಬಟ್ಟೆಯ ಚೀಲ. ಹಣೆಯ ವಿಭೂತಿ ಇನ್ನೂ ಹಸಿ. ಹಿಂದೆಯೇ ಗುಮಾಸ್ತರು.

"ಏನಾಗಿತ್ತಯ್ಯ ಅದ್ಕೆ?"

ಹೇಳಲು ಒಂದೇ ವಾಕ್ಯ ಸಾಕಿತ್ತು. ನೀವು ಹಚ್ಚುವ ವಿಭೂತಿಯಿಂದಲೇ ಮಿಷನ್ ಕೆಟ್ಟದ್ದು ಎಂದು, ಎರಡು ದಿನದ ಹಿಂದಷ್ಟೇ ಅವಮಾನ ಉಂಡು ಬಂದ ಹಿರಿಯರಿಗೆ, ನನಗೆ ಅನ್ನದ ದಾರಿ ತೋರಿಸಿದವರಿಗೆ, ಗುಮಾಸ್ತರ ಎದುರಿಗೆ ಹೇಳುವುದು ಹೇಗೆ? ಇದು ಅವತ್ತಿನ ಸಮಜಾಯಿಷಿ. ಈಗ ಹೇಳುತ್ತೇನೆ: ಮೂರು ಕಡೆಯ ಕೆಲಸ ಕೈತಪ್ಪೀತು ಎಂಬ ಭಯ. ಗೌರವ, ಭಕ್ತಿ ಎಲ್ಲ ಆಮೇಲೆ ಸೇರಿಸಿಕೊಂಡದ್ದು.

"ವೈರಸ್ಸು ಯಜಮಾನ್ರೇ" ಎಂದೆ.

ನಮ್ಮ ಕಸುಬಿನಲ್ಲಿ ಈ ಮಾತು ಬಹಳ ಅನುಕೂಲ. ಕಣ್ಣಿಗೆ ಕಾಣುವುದಿಲ್ಲ, ತೋರಿಸಿ ಎಂದು ಯಾರೂ ಕೇಳುವುದಿಲ್ಲ, ಯಾರನ್ನೂ ದೂರಿದ ಹಾಗೂ ಆಗುವುದಿಲ್ಲ. ನಾನು ಹಾಗೆಯೇ ತಿಳಿದಿದ್ದೆ. ಯಾರಿಗೂ ನೋವಾಗದ ಸುಳ್ಳು ಹೇಳಿ ಜಾಣನಾದೆ ಎಂದುಕೊಂಡೆ.

"ಅದು ಎಂಗ್ ಬತ್ತದಯ್ಯ?" ಎಂದು ಯಜಮಾನ್ರು ಕೇಳಿದರು.

"ಇಂಟರ್ನೆಟ್ಟಿಂದ ಬರ್ಬೋದು. ಪೆನ್‌ಡ್ರೈವಿಂದ ಬರ್ಬೋದು."

"ಪೆನ್‌ಡ್ರೈವ್ ಆಕೋಳು ಅವ್ಳೊಬ್ಳೇ" ಎಂದರು ಗುಮಾಸ್ತರು. ಅವರು ಈ ಮಾತಿಗೇ ಕಾದಿದ್ದವರ ಹಾಗಿದ್ದರು. "ಅದೂ ಅಲ್ದೆ ನೀವು ಆಚೆ ಓದೇಟ್ಗೆ ಈಬೂತಿ ಒರಸಾಕ್ತಾಳೆ ಯಜಮಾನ್ರೇ. ನಾನೇ ಕಣ್ಣಾರೆ ನೋಡಿವ್ನಿ."

ಯಜಮಾನ್ರ ಮುಖ ಬದಲಾಯಿತು. ಅವಳನ್ನು ಒಳಗೆ ಕರೆಸಿದರು. ಕೂಗಾಡಲಿಲ್ಲ, ಅವರದು ಕೂಗಾಡುವ ಸ್ವಭಾವವಲ್ಲ. "ಒರುಸ್ತಿದ್ದದ್ದು ನಿಜವೇನವ್ವ?" ಎಂದು ಮೆಲ್ಲಗೆ ಕೇಳಿದರು.

ಅವಳು ಸುಳ್ಳು ಹೇಳಬಹುದಿತ್ತು. ಧೂಳು ಒರೆಸುತ್ತಿದ್ದೆ ಎಂದಿದ್ದರೂ ಸಾಕಿತ್ತು. "ನಿಜ ಸಾ" ಎಂದಳು. "ಆ ತೂತ್ನಿಂದ ಈಬೂತಿ ಒಳಕ್ಕೋಯ್ತದೆ. ಫ್ಯಾನು ಎಳ್ಕತದೆ. ಗಾಳಿ ಆಡ್ದೆ ಬಿಸಿ ಆಗಿ ನಿಂತ್ಕತದೆ ಅಂತ ನಂಗನ್ನುಸ್ತು. ಅದ್ಕೇ ಒರುಸ್ತಿದ್ದೆ. ದೇವ್ರಾಣೆ ಬ್ಯಾರೆ ಏನೂ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಭಯ ಕಡಿಮೆಯಾಗಿತ್ತು, ಗೊತ್ತಿರುವವನೊಬ್ಬ ಪಕ್ಕದಲ್ಲೇ ನಿಂತಿದ್ದಾನಲ್ಲ ಎನ್ನುವ ಧೈರ್ಯ. "ಅಲ್ವಾ ಸಾ? ನೀವೇ ಯೋಳಿ."

ಮೂವರೂ ನನ್ನನ್ನೇ ನೋಡುತ್ತಿದ್ದರು. ಬ್ಯಾಗು ನನ್ನ ಕಾಲಿಗೆ ಒರಗಿಕೊಂಡಿತ್ತು.

"ಇಲ್ಲಮ್ಮ" ಎಂದೆ. "ವಿಭೂತಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಇದು ವೈರಸ್ಸೇ."

ಅವಳು ವಾದ ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಾಡಲಿಲ್ಲ. ನನ್ನ ಮುಖ ನೋಡಿ, ಒಪ್ಪಿಕೊಂಡವಳ ಹಾಗೆ ತಲೆಯಾಡಿಸಿದಳು. "ಅಂಗಾರೆ ನಾನೇ ತಪ್ಪು ತಿಳ್ಕಂಡೆ" ಎಂದಳು.

"ನಾಳಿಂದ ಬರ್ಬ್ಯಾಡ ಕಣವ್ವ" ಎಂದರು ಯಜಮಾನ್ರು.

ಅವಳು ತನ್ನ ಊಟದ ಡಬ್ಬಿ ಎತ್ತಿಕೊಂಡು ಹೋದಳು. ಮಧ್ಯಾಹ್ನದ ಊಟ ಇನ್ನೂ ಆಗಿರಲಿಲ್ಲ. ನಾನು ಬೈಕ್ ಹತ್ತಿ ಬರುವಾಗ ದಾರಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ನಾನು ನಿಲ್ಲಿಸಲಿಲ್ಲ. ಪೊಟ್ಟಣವನ್ನು ಕಪಿಲೆಯ ಸೇತುವೆಯ ಮೇಲಿಂದ ನೀರಿಗೆ ಬಿಟ್ಟು ಅಂಗಡಿಗೆ ಬಂದೆ.

ಇನ್ನೂ ಅಸಹ್ಯವಾದದ್ದು ಎರಡು ವಾರದ ಮೇಲೆ ನಡೆಯಿತು. ವಿಭೂತಿ ಹಾಗೇ ಮುಂದುವರಿದರೆ ಮಿಷನ್ನು ಮತ್ತೆ ನಿಲ್ಲುತ್ತದೆ, ಆಗ ನನ್ನ ವೈರಸ್ಸಿನ ಬಣ್ಣ ಬಯಲಾಗುತ್ತದೆ. ಅದಕ್ಕೆ ಒಂದು ಸೋಮವಾರ ಬೇಕೆಂದೇ ಹೋಗಿ, ಯಜಮಾನ್ರು ವಿಭೂತಿ ಗಟ್ಟಿ ತೆಗೆಯುವ ಹೊತ್ತಿಗೆ ನಗುನಗುತ್ತಾ ಹೇಳಿದೆ: "ಯಜಮಾನ್ರೇ, ಮುಖ ಅಂದ್ರೆ ಮಾನಿಟರ್ ಅಲ್ವಾ? ಹಣೆ ಅಲ್ಲಿರ್ಬೇಕು. ಇಲ್ಲಿ ತೂತಿದೆ, ಒಳಗೆ ಉದುರುತ್ತೆ, ಮಿಷನ್‌ಗೆ ಒಳ್ಳೇದಲ್ಲ."

ಅವರು ಒಂದು ಕ್ಷಣ ಜಾಲರಿಯನ್ನೂ ಮಾನಿಟರನ್ನೂ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಔದಲ್ವಾ! ಮೊದ್ಲೇ ಯೋಳ್ಬಾರ್ದಾಗಿತ್ತೇನಯ್ಯ?" ಎಂದು ಮಾನಿಟರಿನ ಮೇಲಂಚಿಗೆ ಮೂರು ಬೆರಳು ಎಳೆದರು. ಕೋಪ ಇಲ್ಲ, ಬೇಸರ ಇಲ್ಲ. ಅಷ್ಟೇ. ನಾನು ಯಾವ ಮಾತಿಗೆ ಹೆದರಿ ಒಂದು ಹುಡುಗಿಯ ಬಾಳಿಗೆ ಕಲ್ಲು ಹಾಕಿದ್ದೆನೋ, ಆ ಮಾತಿಗೆ ಅವರು ನಕ್ಕರು. ಅವರು ಬಯ್ದಿದ್ದರೆ, ನನ್ನನ್ನು ಕೆಲಸದಿಂದ ತೆಗೆದಿದ್ದರೆ, ನನ್ನ ಭಯಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು.

ಅವತ್ತಾದರೂ ಅವಳ ಹೆಸರು ಎತ್ತಬಹುದಿತ್ತು. ಎತ್ತಿದರೆ ಎರಡು ವಾರದ ಹಿಂದಿನ ನನ್ನ ಮಾತು ಸುಳ್ಳಾಗುತ್ತಿತ್ತು. ಸುಮ್ಮನಾದೆ. ಕಂಪ್ಯೂಟರು ಆಮೇಲೆ ಒಂದು ದಿನವೂ ನಿಲ್ಲಲಿಲ್ಲ. "ನೋಡಿದ್ರಾ, ಅವ್ಳು ಓದ್ಮೇಲೆ ಎಷ್ಟು ಚೆನ್ನಾಗ್ ನಡೀತದೆ" ಎಂದು ಗುಮಾಸ್ತರು ನನ್ನೆದುರಿಗೇ ಎಷ್ಟೋ ಸಲ ಹೇಳಿದರು. ನಾನು ಮಾಡಿದ ರಿಪೇರಿಯೇ ಅವಳ ಮೇಲಿನ ಅಪವಾದಕ್ಕೆ ಸಾಕ್ಷಿಯಾಯಿತು. ಬಿಕಾಂ ಓದಿದ್ದಾಳೆ, ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ ಎಂದುಕೊಂಡು ವರ್ಷಗಳನ್ನು ಕಳೆದೆ. ಸಿಕ್ಕಿತೋ ಇಲ್ಲವೋ ಎಂದು ಯಾರನ್ನೂ ಕೇಳಲಿಲ್ಲ.

ಹೋದ ವರ್ಷ ನರಸೀಪುರದ ಕಾಲೇಜಿನಲ್ಲಿ ಕೆಲಸ ಮುಗಿಸಿ, ಒಂದು ಅರ್ಜಿಯ ಜೆರಾಕ್ಸ್ ಮಾಡಿಸಬೇಕಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ: ಜೆರಾಕ್ಸು, ಪಹಣಿ, ಆನ್‌ಲೈನ್ ಅರ್ಜಿ. ಬೆಂಚಿನ ಮೇಲೆ ಮೂರು ನಾಲ್ಕು ಜನ ಕಾಯುತ್ತಿದ್ದರು. ಮೇಜಿನ ಮೇಲೆ ಒಂದು ಸಿಪಿಯು ಮುಚ್ಚಳ ತೆರೆದುಕೊಂಡು ಮಲಗಿತ್ತು. ಒಬ್ಬ ಹೆಂಗಸು ಬಣ್ಣ ಹೊಡೆಯುವ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದಳು. ಎಡಗೈಯ ಬೆರಳಿನಿಂದ ಫ್ಯಾನಿನ ರೆಕ್ಕೆ ಅಲ್ಲಾಡದಂತೆ ಹಿಡಿದುಕೊಂಡಿದ್ದಳು. ಕೆಲಸ ಬಲ್ಲವರು ಮಾತ್ರ ಹಾಗೆ ಹಿಡಿಯುತ್ತಾರೆ. ಯಾರಪ್ಪ ಇದು ಎಂದು ನಾನು ನೋಡುತ್ತಿದ್ದ ಹಾಗೆಯೇ ಅವಳು ತಲೆಯೆತ್ತಿದಳು.

"ಅಯ್ಯೋ, ಸಾ! ನೀವಾ? ಬನ್ನಿ ಬನ್ನಿ, ಕೂತ್ಕಳಿ."

ನನಗೆ ಓಡಿಹೋಗಬೇಕೆನಿಸಿತು. ಅವಳ ಮುಖದಲ್ಲಿ ನಿಜವಾದ ಸಂತೋಷ ಇತ್ತು. ಸ್ಟೂಲು ಒರೆಸಿ ಕೊಟ್ಟಳು. ಪಕ್ಕದ ಅಂಗಡಿಗೆ ಕೂಗಿ ಟೀ ಹೇಳಿದಳು. ಬ್ರಷ್ ಆಡಿಸುತ್ತಲೇ ತನ್ನ ಕಥೆ ಹೇಳಿದಳು, ಯಾರ ಮೇಲೂ ದೂರಿಲ್ಲದೆ.

"ಅಲ್ಲಿಂದ ಬಂದ್ಮೇಲೆ ಮೂರು ವರ್ಷ ನಾನು ಕಂಪ್ಯೂಟ್ರು ಮುಟ್ಲೇ ಇಲ್ಲ ಸಾ. ಬಟ್ಟೆ ಅಂಗ್ಡೀಲಿ ಸೀರೆ ಮಡಚ್ತಿದ್ದೆ. ಮುಟ್ಟಿದ್ದೆಲ್ಲ ಕೆಡಿಸ್ತಾಳೆ ಅಂತ ಮನೇಲಿ ಅನ್ನೋರು. ನಂಗೂ ಅಂಗೇ ಅನ್ಸೋದು. ನೀವೇ ಅಂದ್ಬುಟ್ರಲ್ಲ ವೈರಸ್ಸು ಅಂತ. ಇನ್ನು ನಾನೇ ತಾನೇ ಕೆಡಿಸಿದ್ದು? ಎಷ್ಟು ಯೋಚ್ನೆ ಮಾಡಿದ್ರೂ ಎಲ್ಲಿ ಏನು ತಪ್ಪು ಮಾಡ್ದೆ ಅಂತ ಗೊತ್ತಾಯ್ತಿರ್ಲಿಲ್ಲ."

ಆಮೇಲೆ ಮದುವೆಯಾಯಿತಂತೆ. ಗಂಡನ ಮನೆಯಲ್ಲಿ ಮೂಲೆಗೆ ಹಾಕಿದ್ದ ಹಳೇ ಕಂಪ್ಯೂಟರೊಂದಿತ್ತು. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಆ ಕಂಪ್ಯೂಟರೂ ಅರ್ಧ ಗಂಟೆಗೆ ನಿಲ್ಲುತ್ತಿತ್ತು. ಹೇಗೂ ಕೆಟ್ಟದ್ದೇ ಅಲ್ಲವಾ ಎಂದು ಧೈರ್ಯ ಮಾಡಿ ಬಿಚ್ಚಿದಳಂತೆ. ಒಳಗೆಲ್ಲ ರಾಗಿ ಹಿಟ್ಟು.

"ತೆಗ್ದಾಕ್ದೆ, ಚೆನ್ನಾಗ್ ಓಡ್ತು. ಆವಾಗ್ಲೇ ಗೊತ್ತಾಗಿದ್ದು ಸಾ, ಅವತ್ತು ನಾನು ಯೋಳಿದ್ದೇ ಸರಿ ಅಂತ. ಅಲ್ಲೇ ಕೂತ್ಕಂಡು ಅತ್ಬುಟ್ಟೆ." ನಕ್ಕಳು. "ಮನೇವ್ರೆಲ್ಲ ನಿಮ್ನ ಬೈದ್ರು. ನಾನೇ ಬ್ಯಾಡ ಅಂದೆ. ಆ ಸಾ ಒಳ್ಳೇರು, ಬೇಕೂಂತ ಮಾಡೋರಲ್ಲ, ಪಾಪ ಅವ್ರ್ಗೆ ಕೆಲ್ಸ ಅಷ್ಟು ಗೊತ್ತಿಲ್ಲ ಅಷ್ಟೇ ಅಂತ ಯೋಳ್ದೆ."

ಬೆಂಚಿನ ಮೇಲೆ ಕೂತಿದ್ದ ಒಬ್ಬ ನನ್ನ ಕಡೆ ನೋಡಿ ಮುಸಿಮುಸಿ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರಿಗೆ, ನನಗೆ, ಕೆಲಸ ಗೊತ್ತಿಲ್ಲ ಎನ್ನುವುದು! ಈಗ ನೆನೆದರೆ ನನ್ನ ಬಗ್ಗೆ ನನಗೇ ವಾಕರಿಕೆ ಬರುತ್ತದೆ. ಅವಳ ಮೂರು ವರ್ಷದ ಕಥೆ ಕೇಳಿ ನನ್ನ ಬಾಯಿ ತೆರೆದಿರಲಿಲ್ಲ, ಆ ಒಂದು ಮಾತಿಗೆ ತೆರೆಯಿತು.

"ಗೊತ್ತಿಲ್ದೆ ಏನಮ್ಮ?" ಎಂದೆ. "ಅವತ್ತೇ ಬಿಚ್ಚಿ ನೋಡಿದ್ದೆ. ಫ್ಯಾನಿನ ಕೆಳಗೆಲ್ಲ ವಿಭೂತಿ ಗಟ್ಟಿ ಕಟ್ಟಿತ್ತು. ನಾನೇ ಕೆರೆದು ತೆಗೆದದ್ದು. ಇಲ್ಲದಿದ್ರೆ ಅದು ಸರಿಹೋಗ್ತಿತ್ತಾ?"

ಹೇಳಿ ಮುಗಿದ ಮೇಲೆ ನಾನು ಹೇಳಿದ್ದು ಏನೆಂದು ನನಗೆ ಕೇಳಿಸಿತು.

ಅವಳ ಕೈಯಲ್ಲಿದ್ದ ಬ್ರಷ್ಷು ನಿಂತಿತ್ತು. "ನನ್ನ ಒಳಕ್ಕೆ ಕರ್ಸೋಕೆ ಮುಂಚೇನೇ ನೋಡಿದ್ರಾ?"

"ಹೂಂ."

"ನಾನು ನಿಮ್ನ ಕೇಳಿದ್ನಲ್ಲ ಸಾ. ಅಲ್ವಾ ಅಂತ ಕೇಳಿದ್ನಲ್ಲ."

"ತಪ್ಪಾಯ್ತಮ್ಮ" ಎಂದೆ. ಯಜಮಾನ್ರ ವಿಷಯ, ಭಯದ ವಿಷಯ, ಏನೇನೋ ಹೇಳಲು ಹೊರಟೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಬ್ರಷ್ ಕೆಳಗಿಟ್ಟು, ಮುಚ್ಚಳ ಹಾಕಿ, ನಾಲ್ಕೂ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿದಳು. ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು ಜೆರಾಕ್ಸ್ ಮಾಡಿ, ಎರಡೂ ಹಾಳೆಗಳನ್ನು ನನ್ನ ಮುಂದೆ ಇಟ್ಟಳು. ಅಷ್ಟರಲ್ಲಿ ಟೀ ಬಂತು. ಬೇಡ ಎಂದು ವಾಪಸು ಕಳಿಸಲಿಲ್ಲ, ಕುಡಿಯಿರಿ ಎಂದೂ ಹೇಳಲಿಲ್ಲ.

ನಾನು ಎದ್ದು ಬ್ಯಾಗು ತಗಲಿಸಿಕೊಂಡೆ. ಬೆಂಚಿನ ಮೇಲಿದ್ದವನು ಕುತೂಹಲದಿಂದ ಕೇಳಿದ: "ಯಾರವ್ವ ಇವ್ರು?"

"ಕಂಪ್ಯೂಟ್ರು ರಿಪೇರಿ ಮಾಡೋರು" ಎಂದಳು ಅವಳು, ನನ್ನ ಕಡೆ ನೋಡದೆ. "ಕೆಲ್ಸ ಚೆನ್ನಾಗ್ ಗೊತ್ತು."